ಗಾಜಿನ ಮೇಲೆ ಮೂಡಿದ ಸುರುಳಿ

ಕಾರ್ತಿಕ ಮಾಸದ ಒಂದು ರಾತ್ರಿ, ಚಂದ್ರನಿಲ್ಲದ ಹೊತ್ತು ನೋಡಿ, ಊರದೀಪಗಳಿಂದ ನಾಲ್ಕಾರು ಮೈಲಿ ಆಚೆ ಹೋಗಿ ನಿಂತವರಿಗೆ ಎಂಟು ಗಂಟೆಯ ಸುಮಾರಿಗೆ ನೆತ್ತಿಯ ಬಳಿ ನಾಲ್ಕು ನಕ್ಷತ್ರಗಳ ದೊಡ್ಡದೊಂದು ಚೌಕ ಕಾಣುತ್ತದೆ. ಪಂಚಾಂಗ ಬಲ್ಲವರಿಗೆ ಅದು ಹೊಸದಲ್ಲ. ಪಶ್ಚಿಮದ ಜೋಡಿ ಪೂರ್ವಾಭಾದ್ರಾ, ಪೂರ್ವದ ಜೋಡಿ ಉತ್ತರಾಭಾದ್ರಾ. ಚೌಕದ ಈಶಾನ್ಯ ಮೂಲೆಯಿಂದ ಅದೇ ದಿಕ್ಕಿಗೆ ಸಾಲುಗಟ್ಟಿದ ನಕ್ಷತ್ರಗಳಲ್ಲಿ ಮಿರಾಕ್ ಎಂಬ ಹೊಳೆಯುವ ನಕ್ಷತ್ರವನ್ನು ಮುಟ್ಟಿ, ಅಲ್ಲಿಂದ ವಾಯವ್ಯಕ್ಕೆ ತಿರುಗಿ ಎರಡು ಮಂಕು ನಕ್ಷತ್ರಗಳನ್ನು ದಾಟಿದರೆ, ಎರಡನೆಯದರ ಪಕ್ಕದಲ್ಲೇ ಹೊಗೆಯ ಉಸಿರಿನಂಥ ಒಂದು ಬಿಳಿ ಕಲೆ. ನೇರವಾಗಿ ದಿಟ್ಟಿಸಿದರೆ ಅಡಗುತ್ತದೆ, ಓರೆಗಣ್ಣಿನಿಂದ ನೋಡಿದರೆ ಮತ್ತೆ ಮೂಡುತ್ತದೆ. ಅದೇ ಆಂಡ್ರೊಮಿಡಾ ಗೆಲಾಕ್ಸಿ. ಬರಿಗಣ್ಣಿಗೆ ಕಾಣುವ ವಸ್ತುಗಳಲ್ಲಿ ಬಹುತೇಕ ಎಲ್ಲಕ್ಕಿಂತ ದೂರದ್ದು.

ಪುಸ್ತಕಗಳಲ್ಲಿ ಅದರ ಬಣ್ಣದ ಚಿತ್ರ ನೋಡಿ ಬಂದವರಿಗೆ ಇಲ್ಲಿ ದೊಡ್ಡ ನಿರಾಸೆ ಕಾದಿರುತ್ತದೆ. ಸುರುಳಿ ಎಲ್ಲಿ? ತೋಳುಗಳೆಲ್ಲಿ? ಮೂರು ಅಂಗುಲದ ದೂರದರ್ಶಕ ತಂದಿಟ್ಟರೂ ಕಾಣುವುದು ಅದೇ ಕಲೆ, ಸ್ವಲ್ಪ ದೊಡ್ಡದಾಗಿ. ತಪ್ಪು ನೋಡುವವರದಲ್ಲ. ಮನುಷ್ಯ ಆ ಕಲೆಯನ್ನು ಸಾವಿರ ವರ್ಷ ನೋಡಿದರೂ ಅದರೊಳಗಿನ ಸುರುಳಿ ಕಂಡಿರಲಿಲ್ಲ. ಅದು ಸಿಕ್ಕಿದ್ದು 1888ರಲ್ಲಿ, ಗಾಜಿನ ಫಲಕವೊಂದರ ಮೇಲೆ. ಹಿಡಿದಾತ ಖಗೋಳಶಾಸ್ತ್ರದ ಪ್ರಾಧ್ಯಾಪಕನಲ್ಲ, ಲಿವರ್‌ಪೂಲಿನ ಒಬ್ಬ ಕಟ್ಟಡ ಗುತ್ತಿಗೆದಾರ.

ಪರ್ಷಿಯದ ಖಗೋಳಜ್ಞ ಅಲ್ ಸೂಫಿ ಹತ್ತನೆಯ ಶತಮಾನದಲ್ಲೇ ಆ ಕಲೆಯನ್ನು ಪುಟ್ಟ ಮೋಡವೆಂದು ಗುರುತಿಸಿದ್ದ. 1612ರಲ್ಲಿ ಜರ್ಮನಿಯ ಸೈಮನ್ ಮಾರಿಯಸ್ ಅದರತ್ತ ದೂರದರ್ಶಕ ತಿರುಗಿಸಿದಾಗ, ಕೊಂಬಿನ ತೆಳುಹಾಳೆಯ ಹಿಂದೆ ಉರಿಯುವ ಮೇಣದ ಬತ್ತಿಯಂತೆ ಕಂಡಿತು. ಆ ಕಾಲದ ಲಾಂದ್ರಗಳಿಗೆ ಗಾಜಿನ ಬದಲು ಕೊಂಬಿನ ಹಾಳೆ ಹಾಕುತ್ತಿದ್ದರು, ಹೋಲಿಕೆ ಅಲ್ಲಿಂದ ಬಂದದ್ದು. 1764ರಲ್ಲಿ ಫ್ರಾನ್ಸಿನ ಷಾರ್ಲ್ ಮೆಸ್ಸಿಯೆ ಅದಕ್ಕೆ ತನ್ನ ಪಟ್ಟಿಯಲ್ಲಿ 31ನೆಯ ಸ್ಥಾನ ಕೊಟ್ಟ. ಮೆಸ್ಸಿಯೆ ಬೇಟೆಯಾಡುತ್ತಿದ್ದುದು ಧೂಮಕೇತುಗಳನ್ನು. ಧೂಮಕೇತುವೆಂದು ಮೋಸಗೊಳಿಸುವ ಮಸುಕು ಕಲೆಗಳ ಠಿಕಾಣಿ ಗೊತ್ತಿದ್ದರೆ ಕಾಲ ವ್ಯರ್ಥವಾಗದು ಎಂದು ಅವನ್ನು ಪಟ್ಟಿ ಮಾಡಿದ. ಬೇಡದ ವಸ್ತುಗಳ ಆ ಪಟ್ಟಿಯಿಂದಲೇ ಇಂದು ಆತನ ಹೆಸರು ಉಳಿದಿದೆ!

ಅದೇ ಪಟ್ಟಿಯ 51ನೆಯ ಕಲೆಯ ಕಥೆ ಬೇರೆ. ಸಪ್ತರ್ಷಿ ಮಂಡಲದ ಬಾಲದ ತುದಿಯಲ್ಲಿ ಮರೀಚಿ ಇದ್ದಾನಲ್ಲ, ಅವನಿಂದ ಸುಮಾರು ಮೂರೂವರೆ ಡಿಗ್ರಿ ನೈರುತ್ಯಕ್ಕೆ ಇರುವ ಈ ಕಲೆಯನ್ನು ಮೆಸ್ಸಿಯೆ ಕಂಡದ್ದು 1773ರಲ್ಲಿ. ಎಪ್ಪತ್ತೆರಡು ವರ್ಷಗಳ ನಂತರ ಐರ್ಲೆಂಡಿನ ಬರ್ ಎಂಬ ಊರಿನ ಜಹಗೀರುದಾರ, ರಾಸ್ ಮನೆತನದ ಮೂರನೆಯ ಅರ್ಲ್ ವಿಲಿಯಂ ಪಾರ್ಸನ್ಸ್, ಅದನ್ನು ತನ್ನ ಹೊಸ ದೂರದರ್ಶಕದಲ್ಲಿ ನೋಡಿದ. ಆ ಉಪಕರಣವೇ ಒಂದು ಸೋಜಿಗ. ಆರು ಅಡಿ ಅಗಲದ, ಸುಮಾರು ಮೂರು ಟನ್ ತೂಕದ ಲೋಹದ ಕನ್ನಡಿ. ಅದಕ್ಕೆ ಬಳಸಿದ್ದು ತಾಮ್ರ ಮತ್ತು ತವರ. ಗಂಟೆ ಎರಕ ಹೊಯ್ಯುವವರಿಗೆ ಗೊತ್ತಿರುವ ಮಿಶ್ರಣವೇ, ತವರದ ಪಾಲು ಮಾತ್ರ ಇನ್ನೂ ಹೆಚ್ಚು. ಐವತ್ತಕ್ಕೂ ಹೆಚ್ಚು ಅಡಿ ಉದ್ದದ ಕೊಳವೆ, ಅದನ್ನು ಹಿಡಿದುಕೊಳ್ಳಲು ಕೋಟೆಗೋಡೆಯಂಥ ಎರಡು ಗೋಡೆಗಳು. ಎರಕ ಹೊಯ್ದದ್ದು, ಉಜ್ಜಿ ಹೊಳಪು ಕೊಟ್ಟದ್ದು ಎಲ್ಲವೂ ಜಹಗೀರಿನೊಳಗೇ, ಸ್ಥಳೀಯ ಕೆಲಸಗಾರರಿಂದ. 1917ರವರೆಗೂ ಅದಕ್ಕಿಂತ ದೊಡ್ಡ ದೂರದರ್ಶಕ ಜಗತ್ತಿನಲ್ಲಿರಲಿಲ್ಲ. ಹವ್ಯಾಸಿ ಎಂದಾಕ್ಷಣ ಕೈ ಬರಿದಾದವನೆಂದು ತಿಳಿಯಬೇಕಿಲ್ಲ. ಆ ಶತಮಾನದಲ್ಲಿ ಹಣ ಮತ್ತು ಬಿಡುವು ಎರಡೂ ಇದ್ದವರಿಗೇ ಆಕಾಶದ ಹುಚ್ಚು ಹಿಡಿಸಿಕೊಳ್ಳುವ ಸೌಕರ್ಯವಿತ್ತು.

1845ರ ವಸಂತದಲ್ಲಿ ರಾಸ್ ಕಂಡದ್ದು ಯಾರೂ ನಿರೀಕ್ಷಿಸದ ಆಕೃತಿ. ಮೆಸ್ಸಿಯೆ 51 ಬರೀ ಕಲೆಯಲ್ಲ, ನೀರಿನ ಸುಳಿಯಂತೆ ತಿರುಚಿದ ಸುರುಳಿ! ಅದರ ಚಿತ್ರ ಬರೆದು ಆ ವರ್ಷದ ಜೂನ್‌ನಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಸಭೆಗೆ ಒಯ್ದ. ಅಧ್ಯಕ್ಷ ಪೀಠದಲ್ಲಿದ್ದವನು ಜಾನ್ ಹರ್ಷೆಲ್. ಆತನೂ ಇದೇ ಕಲೆಯನ್ನು ಮೊದಲು ನೋಡಿ ಚಿತ್ರಿಸಿದ್ದ, ಆದರೆ ಆತನಿಗೆ ಕಂಡದ್ದು ಸುರುಳಿಯಲ್ಲ, ಉಂಗುರ. ಅದೇ ವರ್ಷ ಮಳೆಗಾಲ ಮುಗಿಯುವಷ್ಟರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಹೊಲಗಳು ಕೊಳೆತವು, ಮಹಾಕ್ಷಾಮ ಬಂತು. ರಾಸ್ ದೂರದರ್ಶಕ ಬಿಟ್ಟು ರೈತರ ಸಂಕಷ್ಟದತ್ತ ತಿರುಗಬೇಕಾಯಿತು. 1848ರವರೆಗೆ ಆ ದೈತ್ಯ ಕೊಳವೆ ಹೆಚ್ಚುಕಡಿಮೆ ಸುಮ್ಮನಿತ್ತು. 1850ರಲ್ಲಿ ಆತ ತನ್ನ ಕೆಲಸವನ್ನು ಪ್ರಕಟಿಸಿದಾಗ ಸುರುಳಿ ನೀಹಾರಿಕೆಗಳ ಸಂಖ್ಯೆ ಹದಿನಾಲ್ಕಕ್ಕೆ ಏರಿತ್ತು.

ಆದರೆ ನಂಬುವುದು ಹೇಗೆ? ಅಷ್ಟು ದೊಡ್ಡ ಕನ್ನಡಿ ಇನ್ನೊಬ್ಬರಲ್ಲಿ ಇರಲಿಲ್ಲ. ಸಾಕ್ಷಿಯೆಂದರೆ ಕತ್ತಲಲ್ಲಿ ಏಣಿಯ ಮೇಲೆ ನಿಂತು, ಮಸುಕು ಬೆಳಕನ್ನು ನೋಡುತ್ತ, ನೆನಪಿನಿಂದ ಗೀಚಿದ ಪೆನ್ಸಿಲ್ ಚಿತ್ರ. ಒಂದೇ ನೀಹಾರಿಕೆಯನ್ನು ಇಬ್ಬರು ಬರೆದರೆ ಎರಡು ನೀಹಾರಿಕೆಗಳಾಗುತ್ತಿದ್ದವು. ಕಲ್ಲಚ್ಚಿನ ಕಸುಬು ಮಾಡಿ ಆಮೇಲೆ ಖಗೋಳಕ್ಕೆ ಬಂದ ವಿಲ್ಹೆಲ್ಮ್ ಟೆಂಪೆಲ್ 1870ರ ದಶಕದಲ್ಲಿ ನೇರವಾಗಿಯೇ ಆಕ್ಷೇಪ ಎತ್ತಿದ. ಈ ಸುರುಳಿಗಳೆಲ್ಲ ಕಣ್ಣಿನ ಭ್ರಮೆ, ಒಮ್ಮೆ ಸುರುಳಿ ಕಂಡವನಿಗೆ ಎಲ್ಲೆಲ್ಲೂ ಸುರುಳಿಯೇ ಕಾಣುತ್ತದೆ ಎಂಬ ಅರ್ಥದ ವಾದ ಅವನದು. ಆತ ಹೇಳಿದ್ದು ತಪ್ಪೆಂದು ಈಗ ಗೊತ್ತು. ಆದರೂ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದ, ಏಕೆಂದರೆ ಚಿತ್ರ ಬರೆಯುವ ಕೈಯ ಚಪಲ ಅವನಿಗೆ ಚೆನ್ನಾಗಿ ತಿಳಿದಿತ್ತು.

ತಮಾಷೆಯೆಂದರೆ ರಾಸ್‌ನ ಮನೆಯಲ್ಲೇ ಒಬ್ಬ ಒಳ್ಳೆಯ ಛಾಯಾಗ್ರಾಹಕಿ ಇದ್ದಳು, ಆತನ ಪತ್ನಿ ಮೇರಿ. 1850ರ ದಶಕದಲ್ಲಿ ಆಕೆ ಆ ಮಹಾ ದೂರದರ್ಶಕದ ಫೋಟೋಗಳನ್ನೇ ತೆಗೆದಿದ್ದಾಳೆ. ದೂರದರ್ಶಕದ ಫೋಟೋ ತೆಗೆಯಬಹುದಿತ್ತು, ದೂರದರ್ಶಕದಿಂದ ನೀಹಾರಿಕೆಯ ಫೋಟೋ ತೆಗೆಯುವಂತಿರಲಿಲ್ಲ. ಭೂಮಿ ಗಂಟೆಗೆ ಹದಿನೈದು ಡಿಗ್ರಿಯಂತೆ ತಿರುಗುವುದರಿಂದ ಆಕಾಶದ ವಸ್ತು ಸದಾ ಜಾರುತ್ತಿರುತ್ತದೆ. ಎರಡು ಗೋಡೆಗಳ ನಡುವೆ ತೂಗಿಬಿಟ್ಟ ಆ ಕೊಳವೆಗೆ ಹೆಚ್ಚು ಹೊತ್ತು ಅದನ್ನು ಹಿಂಬಾಲಿಸುವ ಶಕ್ತಿ ಇರಲಿಲ್ಲ. ಇನ್ನು ಆ ಕಾಲದ ಫೋಟೋ ಫಲಕ ಒದ್ದೆಯದು, ಕೆಲವೇ ನಿಮಿಷಗಳಲ್ಲಿ ಒಣಗಿ ಕೆಲಸಕ್ಕೆ ಬಾರದಂತಾಗುತ್ತಿತ್ತು.

ದಾರಿ ತೆರೆದದ್ದು ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ 1871ರಲ್ಲಿ ಪ್ರಕಟಿಸಿದ ಜಿಲೆಟಿನ್ ಲೇಪದ ಒಣ ಫಲಕ. ಅದನ್ನು ಎಷ್ಟು ಹೊತ್ತಾದರೂ ಬೆಳಕಿಗೆ ಒಡ್ಡಬಹುದಿತ್ತು. ಫೋಟೋ ಫಲಕಕ್ಕೂ ಕಣ್ಣಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಕಣ್ಣು ಬಂದ ಬೆಳಕನ್ನು ಕ್ಷಣದ ಒಂದು ಭಾಗದಲ್ಲಿ ಖರ್ಚು ಮಾಡಿ ಮತ್ತೆ ಖಾಲಿಯಾಗುತ್ತದೆ. ಎಷ್ಟು ಹೊತ್ತು ದಿಟ್ಟಿಸಿದರೂ ಕಾಣುವುದು ಅಷ್ಟೇ. ಫಲಕವೋ, ತೊಟ್ಟಿಕ್ಕುವ ನಲ್ಲಿಯ ಕೆಳಗಿಟ್ಟ ಕೊಡ. ಒಂದು ಹನಿಯನ್ನೂ ಚೆಲ್ಲದೆ ಕೂಡಿಡುತ್ತದೆ. 1880ರಲ್ಲಿ ನ್ಯೂಯಾರ್ಕಿನ ವೈದ್ಯ ಹೆನ್ರಿ ಡ್ರೇಪರ್ ಮಹಾವ್ಯಾಧದ ನೀಹಾರಿಕೆಯನ್ನು ಸುಮಾರು 50 ನಿಮಿಷ ಒಡ್ಡಿ ಮೊದಲ ನೀಹಾರಿಕಾ ಛಾಯಾಚಿತ್ರ ಪಡೆದ. 1883ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿದ್ದ ಆಂಡ್ರೂ ಕಾಮನ್ 36 ಅಂಗುಲದ ಕನ್ನಡಿಯಿಂದ ಅದೇ ನೀಹಾರಿಕೆಯನ್ನು ಹಿಡಿದಾಗ, ಕಣ್ಣಿಗೆ ಎಂದೂ ಕಾಣದ ನಕ್ಷತ್ರಗಳೂ ಫಲಕದ ಮೇಲೆ ಇದ್ದವು. ಕಾಮನ್ ವೃತ್ತಿಯಲ್ಲಿ ನೈರ್ಮಲ್ಯದ ಎಂಜಿನಿಯರ್. ವೈದ್ಯ, ಮೋರಿ-ಕೊಳಾಯಿಯ ಎಂಜಿನಿಯರ್, ಮತ್ತೆ ಕಟ್ಟಡದ ಗುತ್ತಿಗೆದಾರ. ದೊಡ್ಡ ವೀಕ್ಷಣಾಲಯಗಳ ವೃತ್ತಿಪರರು ಆಗ ನಕ್ಷತ್ರಗಳ ಸ್ಥಾನ ಅಳೆಯುವ ನಿತ್ಯದ ದುಡಿಮೆಯಲ್ಲಿ ಮುಳುಗಿದ್ದರು. ಕೆಟ್ಟರೂ ಕೇಳುವವರಿಲ್ಲದ ಪ್ರಯೋಗಗಳು ಹವ್ಯಾಸಿಗಳ ಪಾಲಿಗೆ ಬಂದವು.

ಐಸಾಕ್ ರಾಬರ್ಟ್ಸ್ ಹುಟ್ಟಿದ್ದು 1829ರಲ್ಲಿ, ವೇಲ್ಸ್‌ನ ಹಳ್ಳಿಯೊಂದರಲ್ಲಿ. ಲಿವರ್‌ಪೂಲಿನಲ್ಲಿ ಸುಣ್ಣ ಸುಡುವ ಮತ್ತು ಕಟ್ಟಡ ಕಟ್ಟುವ ಸಂಸ್ಥೆಯಲ್ಲಿ ಹುಡುಗನಾಗಿ ಸೇರಿ, ಕೆಲಸ ಕಲಿತು, ಸ್ವಂತ ಗುತ್ತಿಗೆ ಹಿಡಿದು ಹಣವಂತನಾದ. ಮೊದಲು ಹಿಡಿಸಿದ್ದು ಭೂವಿಜ್ಞಾನದ ಗೀಳು, ಐವತ್ತರ ಹತ್ತಿರ ಬಂದಾಗ ಆಕಾಶದ್ದು. 1885ರಲ್ಲಿ ಲಿವರ್‌ಪೂಲಿನ ಸಮೀಪದ ಮಗಲ್‌ನಲ್ಲಿ, ಡಬ್ಲಿನ್ನಿನ ಹೊವರ್ಡ್ ಗ್ರಬ್ ತಯಾರಿಸಿದ 20 ಅಂಗುಲದ ಕನ್ನಡಿಯ ದೂರದರ್ಶಕ ನಿಲ್ಲಿಸಿದ. ರಾಸ್‌ನ ದೈತ್ಯನ ಮುಂದೆ ಇದು ಮೊಮ್ಮಗ. ಆದರೆ ಎರಡು ಗುಣಗಳು ಅದರಲ್ಲಿದ್ದವು. ಕನ್ನಡಿ ಲೋಹದ್ದಲ್ಲ, ಬೆಳ್ಳಿ ಲೇಪಿಸಿದ ಗಾಜು. ಕೊಳವೆಯನ್ನು ಹೊತ್ತ ಅಚ್ಚು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದ್ದು, ಗಡಿಯಾರದ ಯಂತ್ರವೊಂದು ಅದನ್ನು ಭೂಮಿ ತಿರುಗುವ ವೇಗಕ್ಕೇ ಹಿಮ್ಮುಖವಾಗಿ ತಿರುಗಿಸುತ್ತಿತ್ತು. ಕನ್ನಡಿಯ ಬೆಳಕು ಕೂಡುವ ಬಿಂದುವಿನಲ್ಲೇ ಫಲಕ ಇಡುವ ವ್ಯವಸ್ಥೆ ಮಾಡಿದ್ದರಿಂದ ನಡುವೆ ಎರಡನೆಯ ಕನ್ನಡಿಯ ನಷ್ಟವೂ ಇರಲಿಲ್ಲ.

ಆದರೂ ಗಡಿಯಾರದ ಯಂತ್ರವನ್ನು ನಂಬಿ ಮಲಗುವಂತಿಲ್ಲ. ಹಲ್ಲುಚಕ್ರದ ಸಣ್ಣ ದೋಷ, ಕೊಳವೆಯ ಬಾಗು, ದಿಗಂತದ ಕಡೆ ವಾಲಿದಂತೆ ಗಾಳಿಪದರ ಬೆಳಕನ್ನು ಬಗ್ಗಿಸುವ ಪರಿ, ಇವೆಲ್ಲ ಸೇರಿ ನಕ್ಷತ್ರದ ಚುಕ್ಕೆಯನ್ನು ಗೀಟಾಗಿ ಎಳೆದುಬಿಡುತ್ತವೆ. ಇದಕ್ಕೆಂದೇ ರಾಬರ್ಟ್ಸ್‌ನ ವ್ಯವಸ್ಥೆಯಲ್ಲಿ ಏಳು ಅಂಗುಲದ ಇನ್ನೊಂದು ದೂರದರ್ಶಕವೂ ಜೊತೆಗಿತ್ತು. ಇಂಥ ಕೆಲಸದಲ್ಲಿ ನೋಡುವವನು ಮಾರ್ಗದರ್ಶಿ ನಕ್ಷತ್ರವೊಂದನ್ನು ಆರಿಸಿಕೊಂಡು, ಕಣ್ಣುಮಸೂರದೊಳಗಿನ ಅಡ್ಡಗೆರೆಗಳ ಮೇಲೆ ಅದನ್ನು ನಿಲ್ಲಿಸಿ, ಅದು ಕೂದಲೆಳೆಯಷ್ಟು ಸರಿದರೂ ತಿರುಪು ತಿರುಗಿಸಿ ಮರಳಿ ತರುತ್ತ ಕೂರಬೇಕು. ನಿಮಿಷವಲ್ಲ, ಗಂಟೆಗಟ್ಟಲೆ. ಫಲಕದ ಮೇಲೆ ಏನು ಮೂಡುತ್ತಿದೆ ಎಂಬುದು ರಾಸಾಯನಿಕದಲ್ಲಿ ಅದ್ದುವವರೆಗೂ ಗೊತ್ತಾಗುವುದಿಲ್ಲ.

1888ರ ಅಕ್ಟೋಬರ್‌ನಲ್ಲಿ ಆಂಡ್ರೊಮಿಡಾದ ಮೊದಲ ಒಳ್ಳೆಯ ಫಲಕ ಸಿಕ್ಕಿತು. ಡಿಸೆಂಬರ್ 29ರಂದು ನಾಲ್ಕು ಗಂಟೆ ಕಾಲ ಒಡ್ಡಿದ ಫಲಕವಂತೂ ಇಂದಿಗೂ ಪುಸ್ತಕಗಳಲ್ಲಿ ಅಚ್ಚಾಗುತ್ತದೆ. ಹಿಂದೆ, 1847ರಲ್ಲಿ, ಹಾರ್ವರ್ಡ್‌ನ ಜಾರ್ಜ್ ಬಾಂಡ್ 15 ಅಂಗುಲದ ಮಸೂರದಲ್ಲಿ ಈ ನೀಹಾರಿಕೆಯ ಅಂಚಿನುದ್ದಕ್ಕೂ ಎರಡು ಕಪ್ಪು ಗೆರೆಗಳನ್ನು ಕಂಡು ಚಿತ್ರಿಸಿದ್ದ. ಅವು ಏನೆಂದು ಯಾರಿಗೂ ಹೊಳೆದಿರಲಿಲ್ಲ. ರಾಬರ್ಟ್ಸ್‌ನ ಫಲಕದಲ್ಲಿ ಒಗಟು ಬಿಡಿಸಿಕೊಂಡಿತು. ಗೆರೆಗಳು ಬರೀ ಗೆರೆಗಳಲ್ಲ, ನಡುವಿನ ಹೊಳಪನ್ನು ಸುತ್ತಿಬಂದ ಬೆಳಕಿನ ಪಟ್ಟಿಗಳ ಮಧ್ಯದ ಕತ್ತಲೆ. ಆಂಡ್ರೊಮಿಡಾ ಹುಣ್ಣಿಮೆಯ ಆರು ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದ, ದೊಡ್ಡ ದೂರದರ್ಶಕದ ನೋಟದಲ್ಲಿ ಹಿಡಿಸುವುದೇ ಇಲ್ಲ. ಸಾಲದ್ದಕ್ಕೆ ಅದು ನಮ್ಮ ಕಡೆಗೆ ಬಹಳ ಓರೆಯಾಗಿ, ಅಂಚು ಹಿಡಿದ ತಟ್ಟೆಯಂತೆ ನಿಂತಿದೆ. ರಾಸ್‌ನ ಆರಡಿ ಕನ್ನಡಿಗೆ ದಕ್ಕದ್ದು 20 ಅಂಗುಲಕ್ಕೆ ದಕ್ಕಿತು. ರಾಬರ್ಟ್ಸ್‌ಗೆ ಅವು ಮೊದಲು ಶನಿಯ ಬಳೆಗಳಂತೆ ಬಿಡಿಬಿಡಿ ಉಂಗುರಗಳಾಗಿ ತೋರಿದವು. ಮುಂದೆ ಹೆಚ್ಚು ಫಲಕಗಳನ್ನು ನೋಡಿದ ಮೇಲೆ ಅಭಿಪ್ರಾಯ ತಿದ್ದಿಕೊಂಡ, ಇದು ಮೆಸ್ಸಿಯೆ 51ರಂಥದೇ ಸುರುಳಿ, ಓರೆಯಾಗಿ ಕಾಣುತ್ತಿದೆ ಅಷ್ಟೇ. 1889ರಲ್ಲಿ ಮೆಸ್ಸಿಯೆ 51ರ ಫೋಟೋವನ್ನೂ ತೆಗೆದ. ರಾಸ್ ಬರೆದದ್ದು ಭ್ರಮೆಯಲ್ಲವೆಂದು ಇತ್ಯರ್ಥವಾಯಿತು.

ಚಿತ್ರವೇನೋ ಸಿಕ್ಕಿತು. ಅದು ಯಾವುದರ ಚಿತ್ರ?

ಫ್ರಾನ್ಸಿನ ಲಾಪ್ಲಾಸ್ 1796ರಲ್ಲಿ ಒಂದು ಊಹೆ ಮುಂದಿಟ್ಟಿದ್ದ. ತಿರುಗುವ ಬಿಸಿ ಅನಿಲದ ಮೋಡ ಕುಗ್ಗುತ್ತ ಉಂಗುರಗಳನ್ನು ಕಳಚಿಕೊಳ್ಳುತ್ತದೆ, ಉಂಗುರಗಳು ಗ್ರಹಗಳಾಗುತ್ತವೆ, ನಡುವೆ ಸೂರ್ಯ ಉಳಿಯುತ್ತಾನೆ. ಆಂಡ್ರೊಮಿಡಾದ ಫಲಕದಲ್ಲಿ ನಡುವೆ ಹೊಳಪು, ಸುತ್ತ ಉಂಗುರಗಳು, ಪಕ್ಕದಲ್ಲಿ ಎರಡು ಸಣ್ಣ ಬೆಳಕಿನ ಉಂಡೆಗಳು. ಇನ್ನೇನು ಬೇಕು? ಹೊಸ ಸೌರವ್ಯೂಹವೊಂದು ಹುಟ್ಟುತ್ತಿರುವುದೇ ಕಣ್ಣಮುಂದೆ ನಿಂತಿದೆ, ಉಂಡೆಗಳೇ ರೂಪುಗೊಳ್ಳುತ್ತಿರುವ ಗ್ರಹಗಳು! ರಾಬರ್ಟ್ಸ್ ಹಾಗೆ ಓದಿದ, ಅವನ ಕಾಲದ ಹಲವು ದೊಡ್ಡವರೂ ಹಾಗೇ ಓದಿದರು. ಅವರನ್ನು ನೋಡಿ ನಗುವುದು ನ್ಯಾಯವಲ್ಲ. ಮೂರೇ ವರ್ಷ ಹಿಂದೆ, 1885ರ ಆಗಸ್ಟ್‌ನಲ್ಲಿ, ಇದೇ ನೀಹಾರಿಕೆಯ ನಡುವಿನಲ್ಲಿ ಹೊಸ ನಕ್ಷತ್ರವೊಂದು ಬೆಳಗಿ, ಬರಿಗಣ್ಣಿಗೆ ಕಾಣುವ ಅಂಚಿಗೆ ಬಂದು, ಆರಿತ್ತು. ನೀಹಾರಿಕೆ ಲಕ್ಷಾಂತರ ಜ್ಯೋತಿರ್ವರ್ಷ ದೂರದಲ್ಲಿದ್ದರೆ ಆ ಒಂದು ನಕ್ಷತ್ರ ಕೋಟ್ಯಂತರ ಸೂರ್ಯರಷ್ಟು ಉರಿದಿರಬೇಕಾಗುತ್ತದೆ. ಅಂಥದ್ದು ಉಂಟೆ? ಹಾಗಾದರೆ ನೀಹಾರಿಕೆ ಹತ್ತಿರದ್ದೇ ಇರಬೇಕು. ತರ್ಕದಲ್ಲಿ ಲೋಪವಿರಲಿಲ್ಲ. ಸೂಪರ್‌ನೋವಾ ಎಂಬ ಸ್ಫೋಟ ಇದೆಯೆಂಬುದೇ ಆಗ ಯಾರಿಗೂ ತಿಳಿದಿರಲಿಲ್ಲ.

ರಾಬರ್ಟ್ಸ್‌ಗೆ 1895ರಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕ ಬಂತು. 1896ರಲ್ಲಿ ಪೂರ್ಣ ಸೂರ್ಯಗ್ರಹಣ ನೋಡಲು ನಾರ್ವೆಗೆ ಹೊರಟ ಹಡಗಿನಲ್ಲಿ ಅಮೆರಿಕದ ಡೊರೊತಿಯ ಕ್ಲುಂಪ್ಕೆಯ ಪರಿಚಯವಾಯಿತು. ಆಕೆ ಪ್ಯಾರಿಸ್ ವೀಕ್ಷಣಾಲಯದಲ್ಲಿ ಆಕಾಶದ ಫೋಟೋ ಫಲಕಗಳಿಂದ ನಕ್ಷತ್ರಸ್ಥಾನಗಳನ್ನು ಅಳೆಯುವ ವಿಭಾಗದ ಮುಖ್ಯಸ್ಥೆ. ಇಡೀ ಆಕಾಶವನ್ನು ಹಲವು ದೇಶಗಳು ಹಂಚಿಕೊಂಡು ಫೋಟೋ ತೆಗೆದು ನಕಾಶೆ ಮಾಡಬೇಕೆಂದು 1887ರಲ್ಲಿ ಪ್ಯಾರಿಸ್‌ನಲ್ಲಿ ತೀರ್ಮಾನವಾಗಿತ್ತು. ಆ ಮಹಾ ಯೋಜನೆಯಲ್ಲಿ ಮುಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವೂ ಒಂದು ಪಟ್ಟಿ ಆಕಾಶವನ್ನು ವಹಿಸಿಕೊಂಡಿತು. ಕಲಬುರಗಿ, ರಾಯಚೂರುಗಳೆಲ್ಲ ಆಗ ಅದೇ ನಿಜಾಮನ ಸೀಮೆ. ಆ ವೀಕ್ಷಣಾಲಯ ಹುಟ್ಟಿದ್ದೂ ನವಾಬ್ ಜಫರ್ ಜಂಗ್ ಎಂಬ ಹವ್ಯಾಸಿಯಿಂದ. ಆತ ತರಿಸಿದ 15 ಅಂಗುಲದ ದೂರದರ್ಶಕ ಕೂಡ ಗ್ರಬ್ ಕಾರ್ಖಾನೆಯದೇ. ಇರಲಿ, 1901ರಲ್ಲಿ ಡೊರೊತಿಯ ಮತ್ತು ರಾಬರ್ಟ್ಸ್ ಮದುವೆಯಾದರು. ವರನಿಗೆ ಆಗ 72. ಮೂರು ವರ್ಷಗಳಲ್ಲಿ, 1904ರಲ್ಲಿ ಆತ ತೀರಿಕೊಂಡ. ಗಂಡ ಬಿಟ್ಟುಹೋದ ಫಲಕಗಳನ್ನು ಆಕೆ ವರ್ಷಗಟ್ಟಲೆ ಜೋಡಿಸಿ, ಅಳೆದು, 1929ರಲ್ಲಿ ಅಟ್ಲಾಸ್ ಆಗಿ ಹೊರತಂದಳು.

ಕಾಮನ್‌ನ 36 ಅಂಗುಲದ ದೂರದರ್ಶಕಕ್ಕೂ ಮರುಜನ್ಮ ಸಿಕ್ಕಿತು. ಅದನ್ನು ಹ್ಯಾಲಿಫ್ಯಾಕ್ಸಿನ ಜಮಖಾನೆ ಉದ್ಯಮಿ ಎಡ್ವರ್ಡ್ ಕ್ರಾಸ್ಲಿ ಕೊಂಡು, 1895ರಲ್ಲಿ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯಕ್ಕೆ ದಾನ ಮಾಡಿದ್ದ. 1898ರಲ್ಲಿ ನಿರ್ದೇಶಕನಾಗಿ ಬಂದ ಜೇಮ್ಸ್ ಕೀಲರ್ ಅದನ್ನು ದುರಸ್ತಿ ಮಾಡಿ ಫೋಟೋ ತೆಗೆಯತೊಡಗಿದ. ಯಾವ ನೀಹಾರಿಕೆಗೆ ಗುರಿಯಿಟ್ಟರೂ ಫಲಕದ ಮೂಲೆಗಳಲ್ಲಿ ಕರೆಯದೆ ಬಂದ ಅತಿಥಿಗಳಂತೆ ಹೊಸ ನೀಹಾರಿಕೆಗಳು, ಬಹುಪಾಲು ಸುರುಳಿಗಳು. ಲೆಕ್ಕ ಹಾಕಿದರೆ ಆ ದೂರದರ್ಶಕದ ಅಳವಿನಲ್ಲೇ 1,20,000 ನೀಹಾರಿಕೆಗಳಿವೆ ಎಂದಾಯಿತು. ಕೀಲರ್ 1900ರಲ್ಲಿ, 42ನೆಯ ವಯಸ್ಸಿನಲ್ಲೇ ತೀರಿಕೊಂಡ. ಅಷ್ಟರಲ್ಲಿ ಇನ್ನೊಂದು ಸುಳಿವು ಸಿಕ್ಕಿತ್ತು. ಜರ್ಮನಿಯ ಜೂಲಿಯಸ್ ಷೈನರ್ 1899ರಲ್ಲಿ ಆಂಡ್ರೊಮಿಡಾದ ರೋಹಿತವನ್ನು ಫಲಕದ ಮೇಲೆ ಹಿಡಿದಾಗ ಅದು ಅನಿಲದ ಮೋಡದಂತಿರಲಿಲ್ಲ, ಸೂರ್ಯನ ರೋಹಿತದಂತಿತ್ತು. ನಕ್ಷತ್ರಗಳ ರಾಶಿಯಿಂದ ಬರುವ ಬೆಳಕು ಅದು. ಆದರೂ ಹಳೆಯ ಓದು ಸುಲಭಕ್ಕೆ ಸಡಿಲವಾಗಲಿಲ್ಲ.

ಅದಕ್ಕೆ ಕಾರಣ ಮತ್ತೆ ಫೋಟೋಗಳೇ. ಮೌಂಟ್ ವಿಲ್ಸನ್‌ನ ಏಡ್ರಿಯನ್ ವಾನ್ ಮಾನೆನ್ ವರ್ಷಗಳ ಅಂತರದಲ್ಲಿ ತೆಗೆದ ಫಲಕಗಳನ್ನು ಹೋಲಿಸಿ, ಸುರುಳಿಗಳು ತಿರುಗುವುದನ್ನು ಅಳೆದಿದ್ದೇನೆಂದು 1916ರಿಂದ ಹೇಳತೊಡಗಿದ. ಅಷ್ಟು ಬೇಗ ತಿರುಗುವುದು ಕಾಣುತ್ತಿದ್ದರೆ ಅವು ದೂರದವಾಗಿರಲು ಸಾಧ್ಯವೇ ಇಲ್ಲ. 1920ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಹಾರ್ಲೊ ಶಾಪ್ಲಿ ಮತ್ತು ಹೀಬರ್ ಕರ್ಟಿಸ್ ನಡುವೆ ನಡೆದ ಪ್ರಸಿದ್ಧ ವಾದದಲ್ಲಿ ಶಾಪ್ಲಿ ಈ ಅಳತೆಯನ್ನು ನಂಬಿದ್ದ, ಕರ್ಟಿಸ್ ನಂಬಲಿಲ್ಲ. ವಾನ್ ಮಾನೆನ್ ಮೋಸಗಾರನಲ್ಲ, ಎಚ್ಚರದ ಕೆಲಸಗಾರ. ಆದರೆ ಅವನು ಅಳೆದ ಚಲನೆ ಇರಲೇ ಇಲ್ಲ. ಕಣ್ಣನ್ನು ನಂಬಲಾಗದೆಂದು ಫಲಕಕ್ಕೆ ಮೊರೆಹೋದದ್ದು ಸರಿ. ಫಲಕವನ್ನು ಓದುವುದೂ ಕಣ್ಣೇ ಎಂಬುದು ಮರೆತಿತ್ತು.

1923ರ ಅಕ್ಟೋಬರ್ ಮೊದಲ ವಾರ ಅದೇ ಮೌಂಟ್ ವಿಲ್ಸನ್‌ನಲ್ಲಿ, ನೂರು ಅಂಗುಲದ ದೂರದರ್ಶಕದಿಂದ ಎಡ್ವಿನ್ ಹಬ್ಲ್ ಆಂಡ್ರೊಮಿಡಾದ ಒಂದು ಫಲಕ ತೆಗೆದ. ಹೊಸ ನಕ್ಷತ್ರಗಳೆಂದು ಮೂರು ಚುಕ್ಕೆಗಳ ಪಕ್ಕ ಮಸಿಯಲ್ಲಿ 'ಎನ್' ಎಂದು ಗುರುತು ಹಾಕಿದ. ಹಳೆಯ ಫಲಕಗಳೊಡನೆ ಹೋಲಿಸಿದಾಗ ಒಂದು ಚುಕ್ಕೆ ಮೊದಲೂ ಇತ್ತು, ಹಿಗ್ಗುತ್ತ ಕುಗ್ಗುತ್ತ ಬೆಳಗುತ್ತಿತ್ತು. 'ಎನ್' ಹೊಡೆದುಹಾಕಿ 'ವಾರ್!' ಎಂದು ಬರೆದ. ಯುದ್ಧವಲ್ಲ, ಬದಲಾಗುವ ನಕ್ಷತ್ರ ಎಂಬುದರ ಇಂಗ್ಲಿಷ್ ಮೊಟಕು. ಅದು ಸೆಫೀಡ್ ಎಂಬ ಬಗೆಯದು. ಅಂಥ ನಕ್ಷತ್ರದ ಮಿಡಿತದ ಅವಧಿ ತಿಳಿದರೆ ನಿಜವಾದ ಹೊಳಪು ತಿಳಿಯುತ್ತದೆಂದು ಹಾರ್ವರ್ಡ್‌ನ ಹೆನ್ರಿಯೆಟಾ ಲೆವಿಟ್ 1912ರಲ್ಲೇ ತೋರಿಸಿದ್ದಳು. ಇದರ ಅವಧಿ ಸುಮಾರು 31 ದಿನ. ಲೆಕ್ಕ ಹಾಕಿದಾಗ ದೂರ ಸುಮಾರು ಒಂಬತ್ತು ಲಕ್ಷ ಜ್ಯೋತಿರ್ವರ್ಷ ಬಂತು, ಶಾಪ್ಲಿ ಹೇಳಿದ ಆಕಾಶಗಂಗೆಯ ಅಗಲ ಮೂರು ಲಕ್ಷ ಮಾತ್ರ. ಸೆಫೀಡ್‌ಗಳಲ್ಲಿ ಎರಡು ಬಗೆಯಿದೆ ಎಂಬುದು ಆಮೇಲೆ ಗೊತ್ತಾಗಿ ಈಗ ಆ ದೂರ 25 ಲಕ್ಷ ಜ್ಯೋತಿರ್ವರ್ಷಕ್ಕೆ ನಿಂತಿದೆ. ರಾಬರ್ಟ್ಸ್ ಗ್ರಹಗಳೆಂದುಕೊಂಡ ಎರಡು ಉಂಡೆಗಳಲ್ಲಿ ಒಂದೊಂದೂ ನೂರಾರು ಕೋಟಿ ನಕ್ಷತ್ರಗಳ ಪುಟ್ಟ ಗೆಲಾಕ್ಸಿ.

ಇಂದು ಮನೆಯ ಮಹಡಿಯ ಮೇಲೆ ಮೂರು ಅಂಗುಲದ ದೂರದರ್ಶಕ, ಡಿಜಿಟಲ್ ಕ್ಯಾಮೆರಾ, ಮೋಟಾರಿನ ಪೀಠ ಇಟ್ಟುಕೊಂಡವರು ರಾಬರ್ಟ್ಸ್‌ನ ಚಿತ್ರವನ್ನು ಮೀರಿಸಬಲ್ಲರು. ನಾಲ್ಕು ಗಂಟೆಯ ಒಂದೇ ಒಡ್ಡಿಕೆಯ ಬದಲು ಒಂದೆರಡು ನಿಮಿಷದ ನೂರಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸುತ್ತಾರೆ. ಗಾಳಿಗೆ ಅಲುಗಿದ್ದನ್ನು, ವಿಮಾನದ ಗೀಟು ಬಿದ್ದದ್ದನ್ನು ಎಸೆದರಾಯಿತು. ಅಡ್ಡಗೆರೆಯ ಮೇಲೆ ನಕ್ಷತ್ರ ಹಿಡಿದು ಕೂರುವ ಕೆಲಸವನ್ನು ಇನ್ನೊಂದು ಪುಟ್ಟ ಕ್ಯಾಮೆರಾ ಮಾಡುತ್ತದೆ. ಹುಡುಕುವ ಶ್ರಮವೂ ತಗ್ಗಿದೆ. ಯಾವುದೋ ಮೂಲೆಯ ಒಂದು ಚಿತ್ರ ತೆಗೆದರೆ, ಅದರಲ್ಲಿನ ನಕ್ಷತ್ರಗಳ ಜೋಡಣೆಯನ್ನು ಪಟ್ಟಿಗಳೊಡನೆ ಹೋಲಿಸಿ ದೂರದರ್ಶಕ ಎತ್ತ ನೋಡುತ್ತಿದೆಯೆಂದು ತಂತ್ರಾಂಶವೇ ಹೇಳಿ, ಗೆಲಾಕ್ಸಿಯತ್ತ ತಿರುಗಿಸುತ್ತದೆ. ಮರೀಚಿಯಿಂದ ಮೂರೂವರೆ ಡಿಗ್ರಿ ಎಣಿಸಬೇಕಾಗಿಲ್ಲ.

2010ರಲ್ಲಿ ಹಬ್ಲ್ ಬಾಹ್ಯಾಕಾಶ ದೂರದರ್ಶಕದಿಂದ ಅದೇ 1923ರ ನಕ್ಷತ್ರದ ಚಿತ್ರ ತೆಗೆಯುವ ಯೋಚನೆ ಬಂತು. ಅದು ಯಾವ ದಿನ ಉಜ್ವಲವಾಗುತ್ತದೆ, ಯಾವ ದಿನ ಮಂಕಾಗುತ್ತದೆ ಎಂಬ ಖಚಿತ ವೇಳಾಪಟ್ಟಿ ಯಾರಲ್ಲೂ ಇರಲಿಲ್ಲ. ತಿಂಗಳುಗಟ್ಟಲೆ ಅದನ್ನೊಂದೇ ಕಾಯಲು ದೊಡ್ಡ ದೂರದರ್ಶಕಗಳಿಗೆ ಪುರಸತ್ತೆಲ್ಲಿ? ಕೊನೆಗೆ ಬದಲಾಗುವ ನಕ್ಷತ್ರಗಳನ್ನು ಗಮನಿಸುವ ಅಮೆರಿಕದ ಸಂಘವೊಂದರ ಹವ್ಯಾಸಿ ಸದಸ್ಯರು ಅರ್ಧ ವರ್ಷದುದ್ದಕ್ಕೂ ರಾತ್ರಿ ರಾತ್ರಿ ಆಂಡ್ರೊಮಿಡಾದ ಅಂಚಿನ ಆ ಒಂದು ಚುಕ್ಕೆಯ ಫೋಟೋ ತೆಗೆದು, ಹೊಳಪು ಅಳೆದು ಕಳಿಸಿದರು. ಆ ಅಂಕಿಗಳಿಂದ ಹಾಕಿದ ವೇಳಾಪಟ್ಟಿಯ ಪ್ರಕಾರ 2010ರ ಡಿಸೆಂಬರ್ ಮತ್ತು 2011ರ ಜನವರಿಯಲ್ಲಿ ಬಾಹ್ಯಾಕಾಶ ದೂರದರ್ಶಕ ಅತ್ತ ತಿರುಗಿತು.